ಅತ್ತೆಯ ಕಿಡ್ನಿ, ಅತ್ತೆಯ ಕಷಾಯ

ಗುಬ್ಬಿ
14 ನವೆಂಬರ್ 2024

ಬೀಗಿತ್ತಿ ಸಿದ್ದಗಂಗಮ್ಮನವರಿಗೆ ಗುಬ್ಬಿಯಿಂದ ಉಮಾಮಹೇಶ್ವರಿಯ ಶರಣು ಶರಣಾರ್ಥಿಗಳು.

ಕ್ಷೇಮವೇ ಎಂದು ಕೇಳುವುದು ಪದ್ಧತಿ. ನಾನು ಕೇಳುವುದಿಲ್ಲ. ಕ್ಷೇಮವಾಗಿರುವವರು ಫೋನ್ ಎತ್ತುತ್ತಾರೆ. ನಾನು ಮಾಡಿದಾಗಲೆಲ್ಲ ನಿಮ್ಮ ದೊಡ್ಡ ಮಗ ಪ್ರಭುದೇವನೇ ಎತ್ತಿ, ಅಮ್ಮ ಪೂಜೆಗೆ ಕೂತಿದ್ದಾರೆ ಅನ್ನುತ್ತಾನೆ. ಬೆಳಗ್ಗೆ ಮಾಡಿದರೂ ಪೂಜೆ, ಮಧ್ಯಾಹ್ನ ಮಾಡಿದರೂ ಪೂಜೆ. ಅಷ್ಟು ಹೊತ್ತು ಪೂಜೆ ಮಾಡಿಸಿಕೊಂಡಿದ್ದರೆ ಆ ಶಿವನೇ ಬೇಸತ್ತು ಎದ್ದು ಹೋಗಿ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದ. ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದವನ್ನು ನೀವು ಹರಿದು ಹಾಕಬಹುದು. ಆದರೆ ನಿಮ್ಮ ಸ್ವಭಾವ ನನಗೆ ಗೊತ್ತು, ಹರಿಯುವ ಮೊದಲು ಓದುತ್ತೀರಿ.

ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ. ನೀವು ಮರಳೂರಿಗೆ, ಕಾವ್ಯಳ ಮನೆಗೆ ವಾಪಸ್ಸು ಹೋಗಬೇಕು. ಈ ವಾರವೇ ಹೋಗಬೇಕು. ನನ್ನ ಮಗಳಿಗೆ ನೀವು ಕೊಟ್ಟ ಕಿಡ್ನಿ ಉಳಿಯಬೇಕಾದರೆ ಆ ಮನೆಯಲ್ಲಿ ನೀವಿರಬೇಕು. ಯಾಕೆಂದು ಹೇಳುತ್ತೇನೆ. ನಡುವೆ ನಿಮಗೆ ಕೋಪ ಬರಿಸುವ ಮಾತೂ ಬರುತ್ತದೆ. ಬಂದರೆ ಎದ್ದು ಒಂದು ಲೋಟ ನೀರು ಕುಡಿದು ಮತ್ತೆ ಬಂದು ಓದಿ.

ಕೊಡಬೇಕಾಗಿದ್ದವಳು ನಾನು. ಹೆತ್ತವಳು ನಾನು, ರಕ್ತದ ಗುಂಪೂ ಒಂದೇ. ಆದರೆ ನನ್ನ ಸಕ್ಕರೆ ಕಾಯಿಲೆಯ ರಿಪೋರ್ಟು ನೋಡಿದ ಡಾಕ್ಟರು ಮುಂದಿನ ಹಾಳೆಯನ್ನೂ ತಿರುಗಿಸಲಿಲ್ಲ. ಅವಳ ಗಂಡ, ನಿಮ್ಮ ಮಗ ಗುರುಪ್ರಕಾಶನದು ಹೊಂದಲಿಲ್ಲ. ನಮ್ಮ ಮನೆಯವರಿಗೆ ಬಿ.ಪಿ. ಎಲ್ಲರೂ ಮುಖ ಮುಖ ನೋಡುತ್ತ ಕೂತಿದ್ದಾಗ ನೀವು, ಸಂತೆಯಲ್ಲಿ ಕುಂಬಳಕಾಯಿ ಕೊಡುವವರ ಹಾಗೆ, ನಂದು ತಗೊಳ್ಳಿ ಅಂದಿರಿ. ಅತ್ತೆ ಸೊಸೆಗೆ ಕೊಡುವುದೆಂದರೆ ಜನ ನಂಬುವುದಿಲ್ಲ. ಕಿಡ್ನಿ ಕೊಡಲು ಒಪ್ಪಿಗೆ ಕೊಡುವ ಆಸ್ಪತ್ರೆಯ ಕಮಿಟಿಯವರೂ ನಂಬಲಿಲ್ಲ. ನಿಮ್ಮೊಬ್ಬರನ್ನೇ ಒಳಗೆ ಕೂರಿಸಿಕೊಂಡು, ಯಾರಾದರೂ ಒತ್ತಾಯ ಮಾಡಿದರಾ, ದುಡ್ಡು ಕಾಸು ಏನಾದರೂ ಉಂಟಾ ಎಂದೆಲ್ಲ ಕೇಳಿದರಂತೆ. ನಿಮ್ಮ ಉತ್ತರ ಬಾಗಿಲಾಚೆ ಇದ್ದ ನನಗೂ ಕೇಳಿಸಿತು.

"ಮನೆ ಬೀಗದಕೈನೇ ಅವಳ ಕೈಗೆ ಕೊಟ್ಟಿದೀನಿ ಸ್ವಾಮಿ. ಅದುಕ್ಕಿಂತ ಇದೇನ್ ದೊಡ್ದಾ?"

ಆವತ್ತು ನಾನು ಅತ್ತುಬಿಟ್ಟೆ. ಸಂತೋಷಕ್ಕೂ ಅತ್ತೆ, ಹೊಟ್ಟೆಕಿಚ್ಚಿಗೂ ಅತ್ತೆ. ಹೆತ್ತವಳ ಕೈಲಿ ಆಗದ್ದನ್ನು ಇವರು ಮಾಡಿದರಲ್ಲ ಎಂದು. ಇದನ್ನು ನಿಮಗೆ ಹೇಳಿರಲಿಲ್ಲ. ಈಗ ಹೇಳಿದ್ದೇನೆ, ಊರಿಗೆಲ್ಲ ಹೇಳಬೇಡಿ.

ಇನ್ನು ಕಷಾಯದ ವಿಷಯ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಆದರೆ ಆ ದಿನ ಯಾರೂ ಅದನ್ನು ನಿಮ್ಮ ಎದುರಿಗೆ ಸಮಾಧಾನವಾಗಿ ಬಿಡಿಸಿ ಹೇಳಲಿಲ್ಲ.

ಆಪರೇಷನ್ ಮುಗಿದು ಬೆಂಗಳೂರಿನಿಂದ ಬಂದ ಮೇಲೆ, ನಿಮ್ಮ ಗಾಯವೇ ಇನ್ನೂ ಪೂರ್ತಿ ಮಾಗಿರಲಿಲ್ಲ, ನೀವು ಕಾವ್ಯಳಿಗೆ ಬಾಣಂತನ ಶುರು ಮಾಡಿದಿರಿ. ಹೌದು, ಅದು ಬಾಣಂತನವೇ. ಕಿವಿಗೆ ಬಟ್ಟೆ, ಕೋಣೆಗೆ ಸಾಂಬ್ರಾಣಿ ಹೊಗೆ, ಕಾಲಿಗೆ ಎಣ್ಣೆ, ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ ಅಮೃತಬಳ್ಳಿ ಕಷಾಯ. ಕುಣಿಗಲ್ಲಿನ ನಿಮ್ಮ ಹಿತ್ತಿಲ ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯನ್ನು ಪ್ರಭುದೇವ ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಹೊಟ್ಟೆ ಕುಯ್ದಿದ್ದಾರೆ, ಮೈ ಸೋತಿದೆ, ಹೀಗಾದ ಹೆಣ್ಣುಮಗಳನ್ನು ನಮ್ಮ ಕಡೆ ಬೇರೆ ಹೇಗೆ ನೋಡಿಕೊಳ್ಳುತ್ತಾರೆ? ಜೊತೆಗೆ ನಿಮ್ಮದೊಂದು ಮಾತು ಇತ್ತಲ್ಲ.

"ನನ್ನ ಕಿಡ್ನಿ ಅಲ್ಲೈತೆ ಕಣಮ್ಮ. ನಾನ್ ಅದುಕ್ಕೆ ಉಣ್ಣಾಕಿಕ್ಕಬೇಡ್ವಾ?"

ದಸರಾ ಹೊತ್ತಿಗೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತು. ಮೈ ಹೊಸ ಕಿಡ್ನಿಯನ್ನು ತಳ್ಳಲು ನೋಡುತ್ತಿದೆ ಅಂದರು. ಮತ್ತೆ ಆಸ್ಪತ್ರೆ, ಮತ್ತೆ ಡ್ರಿಪ್ಪು. ಡಾಕ್ಟರು, ಬೇರೆ ಏನಾದರೂ ಔಷಧಿ ಕೊಡುತ್ತಿದ್ದೀರಾ ಎಂದು ಮೊದಲಿಂದಲೂ ಪ್ರತಿ ಸಲ ಕೇಳಿದ್ದರು. ನಾವೆಲ್ಲರೂ, ನಾನೂ ಸೇರಿ, ಇಲ್ಲ ಅನ್ನುತ್ತಲೇ ಬಂದಿದ್ದೆವು. ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಕಷಾಯ ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ, ಕಾಫಿಯ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಏನು ಕುಡಿಯುತ್ತಾಳೆ ಎಂದು ಕೇಳಿದ್ದರೆ ಮೊದಲ ದಿನವೇ ಹೇಳಿಬಿಡುತ್ತಿದ್ದೆವು. ಕೊನೆಗೆ ಆ ಚಿಕ್ಕ ವಯಸ್ಸಿನ ಡಾಕ್ಟರು ಹಾಗೆ ಕೇಳಿದರು, ನೀವು ಹೆಮ್ಮೆಯಿಂದ ಹೇಳಿದಿರಿ. ಅವರು ಎಲ್ಲರ ಎದುರಿಗೆ, ನೀವು ಕೊಟ್ಟ ಕಿಡ್ನಿಯನ್ನು ನೀವೇ ಹಾಳು ಮಾಡುತ್ತಿದ್ದೀರಿ ಅಂದುಬಿಟ್ಟರು.

ಗುರುಪ್ರಕಾಶ ಸುಮ್ಮನೆ ನಿಂತಿದ್ದ. ಅಮ್ಮನ ಪರವಾಗಿ ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ನಿಮಗೆ ಡಾಕ್ಟರ ಮಾತಿಗಿಂತ ಮಗನ ಮೌನ ಚುಚ್ಚಿತು ಅಂತ ನನಗೆ ಗೊತ್ತು. ಅವತ್ತು ಸಂಜೆಯೇ ಬ್ಯಾಗು ಹಿಡಿದು ಕುಣಿಗಲ್ ಬಸ್ಸು ಹತ್ತಿದಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಹತ್ತುತ್ತಿದ್ದೆ. ಆದರೆ ನಾನಾಗಿದ್ದರೆ ಇಷ್ಟು ಹೊತ್ತಿಗೆ ಇಳಿದೂ ಬಿಟ್ಟಿರುತ್ತಿದ್ದೆ.

ನೀವು ಹೋದ ಮೇಲೆ ಆ ಡಾಕ್ಟರ ಹತ್ತಿರ ನಾನು ಮಾತಾಡಿದೆ. ಕೊಡಬಾರದ್ದು ಏನೇನು ಎಂದು ಆಸ್ಪತ್ರೆಯವರು ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು, ಅಡಿಗೆ ಮಾಡುವವರಿಗೆ ಅದನ್ನು ಕನ್ನಡದಲ್ಲಿ ಯಾರು ಹೇಳಿದರು ಎಂದು ಕೇಳಿದೆ. ಅವರು ಒಳ್ಳೆಯವರೇ, ತಲೆ ತಗ್ಗಿಸಿದರು. ಕಷಾಯದಿಂದಲೇ ಹೀಗಾಯಿತು ಎಂದು ಖಂಡಿತವಾಗಿ ಹೇಳಲಾರೆ, ಬೇರೆ ಕಾರಣಕ್ಕೂ ಆಗುತ್ತದೆ, ಆದರೆ ಅದನ್ನು ಕೊಡುವುದು ಮಾತ್ರ ಬೇಡವೇ ಬೇಡ ಅಂದರು. ಹಾಗೆ ಹಾಳು ಮಾಡಿದಿರಿ ಅಂದದ್ದು ತಪ್ಪಾಯಿತು, ಆ ಅಮ್ಮನಿಗೆ ತಿಳಿಸಿ ಅಂತಲೂ ಅಂದರು. ತಿಳಿಸಿದ್ದೇನೆ.

ಇಷ್ಟಾದರೂ ನನಗೆ ಸಮಾಧಾನವಾಗಲಿಲ್ಲ. ನಾನು ಗ್ರಂಧಿಗೆ ಅಂಗಡಿಯ ಸೊಸೆ. ಮೂವತ್ತು ವರ್ಷದಿಂದ ಗುಬ್ಬಿ ಪೇಟೆಯಲ್ಲಿ ಅಮೃತಬಳ್ಳಿ, ಅಶ್ವಗಂಧ, ಹಿಪ್ಪಲಿ, ನೆಲ್ಲಿಚೆಟ್ಟು ತೂಗಿ ಕೊಟ್ಟ ಕೈ ಇದು. ಕೊರೋನಾ ಕಾಲದಲ್ಲಿ ನಮ್ಮ ಅಂಗಡಿ ಮುಂದೆ ಕ್ಯೂ ಇತ್ತು. ಇಂಗ್ಲಿಷ್ ಡಾಕ್ಟರು ಬೇಡ ಅಂದ ಮಾತ್ರಕ್ಕೆ ನಾನು ಒಪ್ಪುವವಳಲ್ಲ. ಅದಕ್ಕೇ ತುಮಕೂರಿನಲ್ಲಿ ಕೋಮಲಾ ಎಂಬ ಆಯುರ್ವೇದದ ಡಾಕ್ಟರ ಹತ್ತಿರ ಹೋದೆ. ನಮ್ಮ ಅಂಗಡಿಗೆ ಚೀಟಿ ಬರೆದು ಕಳಿಸುತ್ತಾರಲ್ಲ, ಅವರು. ಅವರು ನಮ್ಮ ಪರ ಮಾತಾಡುತ್ತಾರೆ ಅಂದುಕೊಂಡು ಹೋದರೆ, ಆಯಮ್ಮ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ಕಿಡ್ನಿ ಹಾಕಿಸಿಕೊಂಡವರಿಗೆ ಅಮೃತಬಳ್ಳಿಯನ್ನು ತಾನೂ ಕೊಡುವುದಿಲ್ಲ ಅಂದರು.

ಅವರು ಡಾಕ್ಟರ ಭಾಷೆಯಲ್ಲಿ ಹೇಳಿದ್ದನ್ನು ನಾನು ಮನೆಯ ಭಾಷೆಗೆ ತಂದುಕೊಂಡೆ. ಮನೆಗೆ ಬೀಗರು ಬಂದಾಗ ನಾವು ನಾಯಿಯನ್ನು ಕಟ್ಟಿಹಾಕುತ್ತೇವೆ. ನಾಯಿ ಕೆಟ್ಟದ್ದಲ್ಲ, ಮನೆ ಕಾಯುವುದು ಅದರ ಕೆಲಸ, ಆದರೆ ಹೊಸಬರು ಯಾರು ಬೀಗರು ಯಾರು ಎಂದು ಅದಕ್ಕೆ ತಿಳಿಯುವುದಿಲ್ಲ. ಕಾವ್ಯಳ ಮೈಗೆ ನಿಮ್ಮ ಕಿಡ್ನಿ ಬೀಗರಿದ್ದ ಹಾಗೆ. ಅವಳು ದಿನಾ ನುಂಗುವ ಮಾತ್ರೆ ಆ ನಾಯಿಯನ್ನು ಕಟ್ಟಿಡುವ ಹಗ್ಗ. ಮೈಯ ಕಾವಲು ಜೋರು ಮಾಡುವುದೇ ಅಮೃತಬಳ್ಳಿಯ ಗುಣ. ಬೇರೆಯವರಿಗೆ ಅದು ಒಳ್ಳೆಯದು, ಇವಳಿಗೆ ಅದು ಹಗ್ಗ ಬಿಚ್ಚಿದ ಹಾಗೆ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ, ಇಲ್ಲಿ ಅತಿಯೂ ಬೇಕಾಗಿಲ್ಲ, ಒಂದು ಲೋಟವೇ ಹೆಚ್ಚು. ಮಾತ್ರೆ ಬಿಟ್ಟು ಕಷಾಯ ನಂಬುವುದಂತೂ ಕನಸಿನಲ್ಲೂ ಕೂಡದು.

ಹಾಗಾದರೆ ಸೋತ ಮೈಗೆ ಆಯುರ್ವೇದದಲ್ಲಿ ಏನೂ ಇಲ್ಲವಾ ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಅವರು ನಕ್ಕರು. ಆಯುರ್ವೇದ ಅಂದರೆ ನಿಮ್ಮ ಅಂಗಡಿಯ ಡಬ್ಬಗಳಷ್ಟೇ ಅಲ್ಲ ಅಂದರು. ಏನು ಉಣ್ಣುತ್ತಾರೆ, ಯಾವಾಗ ಉಣ್ಣುತ್ತಾರೆ, ಹೇಗೆ ಮಲಗುತ್ತಾರೆ, ಅದೇ ಮುಕ್ಕಾಲು ಪಾಲಂತೆ. ಆಗ ಮಾಡಿದ ಬಿಸಿ ಅನ್ನ, ಹೆಸರುಬೇಳೆಯ ತಿಳಿಸಾರು, ಹಸಿದಾಗಲೇ ಊಟ, ತಂಗಳು ಬೇಡ, ಹಸಿ ಕೋಸಂಬರಿ ಬೇಡ, ಕುದಿಸಿದ ನೀರು, ಹೊತ್ತಿಗೆ ಸರಿಯಾಗಿ ನಿದ್ದೆ, ಸಂಜೆ ನಾಲ್ಕು ಹೆಜ್ಜೆ ನಡಿಗೆ, ಮಲಗುವಾಗ ಅಂಗಾಲಿಗೆ ಎಳ್ಳೆಣ್ಣೆ. ಇದನ್ನೆಲ್ಲ ಕಿಡ್ನಿ ಡಾಕ್ಟರ ಮುಂದೆ ಹೇಳಿ, ಅವರು ಉಪ್ಪು ಕಡಿಮೆ ಮಾಡಿ, ಸೊಪ್ಪು ತರಕಾರಿಯಲ್ಲಿ ಎರಡು ಮೂರು ಹೊಡೆದು ಹಾಕಿ, ಸೈ ಅಂದ ಮೇಲೆಯೇ ಕೊಡಬೇಕು. ಅವರನ್ನು ಕೇಳದೆ ಒಂದು ಎಲೆಯೂ ಅವಳ ಬಾಯಿಗೆ ಹೋಗಬಾರದು. ನಾನು ಹಾಗೇ ಮಾಡಿದೆ. ಸಾಂಬ್ರಾಣಿ ಹೊಗೆ ಬೇಡ ಅಂದರು. ಎಳ್ಳೆಣ್ಣೆಗೆ ಒಪ್ಪಿದರು.

ನೋಡಿ, ನೀವು ಮಾಡುತ್ತಿದ್ದುದರಲ್ಲಿ ಕಷಾಯ ಮತ್ತು ಹೊಗೆ ತೆಗೆದರೆ ಉಳಿದದ್ದೆಲ್ಲ ಸರಿಯೇ ಇತ್ತು. ಬಿಸಿ ಅನ್ನ ನಿಮ್ಮದೇ, ಎಣ್ಣೆ ನಿಮ್ಮದೇ, ಹೊತ್ತಿಗೆ ಸರಿಯಾಗಿ ಟಿ.ವಿ. ಆರಿಸಿ ಮಲಗಿಸುತ್ತಿದ್ದುದೂ ನೀವೇ. ನೀವು ಬಸ್ಸು ಹತ್ತಿದ್ದೇ ತಡ, ಅದೆಲ್ಲವೂ ನಿಂತುಹೋಯಿತು. ಅಡಿಗೆಯವಳನ್ನು ಇಟ್ಟಿದ್ದಾರೆ, ಅವಳು ಬೆಳಗ್ಗೆ ಬಂದು ರಾತ್ರಿಯವರೆಗಿನದನ್ನೂ ಮಾಡಿಟ್ಟು ಹೋಗುತ್ತಾಳೆ.

ಅಂಗಡಿಯಲ್ಲೂ ಆಮೇಲಿಂದ ನಾನು ಬದಲಾದೆ. ಅಮೃತಬಳ್ಳಿ ಪುಡಿ ಕೊಡಿ ಅಂದವರನ್ನು, ಯಾರಿಗೆ, ಆಪರೇಷನ್ ಏನಾದರೂ ಆಗಿದೆಯಾ, ದಿನಾ ಯಾವ ಮಾತ್ರೆ ಎಂದು ಕೇಳದೆ ತೂಗಿಲ್ಲ. ನಮ್ಮ ಮನೆಯವರು, ಗಿರಾಕಿನ ಪೊಲೀಸಿನೋರ ಥರ ವಿಚಾರಣೆ ಮಾಡ್ತೀಯಲ್ಲೇ ಎಂದು ರೇಗಿದರು. ರೇಗಲಿ. ಬಳ್ಳಿಯ ಮೇಲೆ ನನಗೆ ನಂಬಿಕೆ ಕಡಿಮೆಯಾಗಿಲ್ಲ, ಅದರ ಶಕ್ತಿಯ ಮೇಲೆ ನಂಬಿಕೆ ಇರುವವಳು ಕೇಳಿಯೇ ಕೊಡಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾಯಿಯನ್ನು ಕಟ್ಟಿ ಹಾಕಿದ ಮೇಲೆ ಬಾಗಿಲು ಕಾಯುವವರು ಯಾರು?

ಕಾವ್ಯಳ ಮೈಯಲ್ಲಿ ಕಾವಲಿಲ್ಲ, ಮನೆಯಲ್ಲೂ ಇಲ್ಲ. ನಮ್ಮ ಜನ ನಿಮಗೆ ಗೊತ್ತಲ್ಲ. ಕಾಯಿಲೆಯವರನ್ನು ನೋಡಲು ಬಾರದಿದ್ದರೆ ಏನಂದುಕೊಳ್ಳುತ್ತಾರೋ ಎಂದು ಕಾಯಿಲೆ ಬಿದ್ದವರೂ ಎದ್ದು ಬರುತ್ತಾರೆ. ದೀಪಾವಳಿಗೆ ಅವಳು ಪಾಠ ಹೇಳುವ ಸ್ಕೂಲಿನ ಟೀಚರುಗಳು ಒಂದು ವ್ಯಾನಿನಲ್ಲಿ ಬಂದರಂತೆ. ಮಠದ ಕಡೆಯವರು ತೀರ್ಥ, ಹಸಿ ಹಾಲಿನ ಪಂಚಾಮೃತ ತಂದರಂತೆ. ಯಾರೋ ಚಕ್ಕೋತ ಹಣ್ಣು ತಂದಿದ್ದಾರೆ, ಆ ಹಣ್ಣು ಮಾತ್ರೆಗೆ ಆಗಿಬರುವುದಿಲ್ಲ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ಬೆಳ್ಳಾವಿಯ ನಮ್ಮ ಚಿಕ್ಕಗಂಗಮ್ಮತ್ತೆ ಮೂಗು ಸೋರುವ ಮೊಮ್ಮಗುವನ್ನು ಕರೆದುಕೊಂಡು ಬಂದು, ಕಾವ್ಯಳ ತೊಡೆಯ ಮೇಲೆಯೇ ಕೂರಿಸಿ ಫೋಟೋ ತೆಗೆದರಂತೆ. ಫೋಟೋ ನನಗೂ ಬಂತು. ಕೆಳಗೆ ಮೂರು ಹೂವಿನ ಗುರುತು ಬೇರೆ.

ಆಮೇಲೆ ಅವಳಿಗೆ ಜ್ವರ ಬಂತು. ನಮಗೆ ನಿಮಗೆ ಬಂದರೆ ಜ್ವರ ಅನ್ನಬಹುದು, ಅವಳಿಗೆ ಬಂದರೆ ಆಸ್ಪತ್ರೆ. ಎರಡು ರಾತ್ರಿ ಇಟ್ಟುಕೊಂಡು ಕಳಿಸಿದರು. ನಾನು ಗುರುಪ್ರಕಾಶನಿಗೆ ಫೋನಿನಲ್ಲಿ ಕೂಗಾಡಿದೆ. ಅವನು, ಬಂದೋರ್ನ ಬಾಗ್ಲಲ್ಲೇ ಹೆಂಗ್ ನಿಲ್ಸೋದು ಅತ್ತೆ ಅಂದ. ಒಳ್ಳೆಯ ಹುಡುಗ, ಆದರೆ ಅವನಿಗೆ ಇಲ್ಲ ಅನ್ನುವ ಮಾತು ಬಾಯಿಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಸುಮ್ಮನಿದ್ದದ್ದೂ ಅದಕ್ಕೇ. ನಿಮ್ಮ ಮೇಲಿನ ಕೋಪಕ್ಕಲ್ಲ, ಡಾಕ್ಟರಿಗೆ ಎದುರು ಹೇಳಲಾಗದ್ದಕ್ಕೆ. ನಿಮ್ಮ ಬಾಯಿಯಲ್ಲಿ ಕಾಲು ಭಾಗ ಅವನಿಗೆ ಬಂದಿದ್ದರೂ ಸಾಕಿತ್ತು.

ಮದುವೆ ಮಾತುಕತೆಗೆ ಕುಣಿಗಲ್ಲಿಗೆ ಬಂದಾಗ ನಿಮ್ಮ ಬೀದಿಯವರು ನನಗೆ ಗುಟ್ಟಾಗಿ, ಆಯಮ್ಮನ ಬಾಯಿಗೆ ಹೆದರಿ ಕೊರಿಯರಿನವನೂ ಚಪ್ಪಲಿ ಬಿಟ್ಟು ಬರ್ತಾನೆ ಅಂದಿದ್ದರು. ಆಗ ನನಗೆ, ಇಂಥ ಮನೆಗೆ ಮಗಳನ್ನು ಕೊಡುವುದಾ ಎಂದು ಹೆದರಿಕೆಯಾಗಿತ್ತು. ಈಗ ಆ ಬಾಯಿಯೇ ನನ್ನ ಮಗಳಿಗೆ ಬೇಕು. ನೀವು ಆ ಮನೆ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರಿ. ಕೆಮ್ಮು ನೆಗಡಿ ಇದ್ದವರನ್ನು ಗೇಟಿನಿಂದಲೇ ಕಳಿಸಿ. ಪ್ರಸಾದ ತಂದವರಿಗೆ ವಿಭೂತಿಯೊಂದು ಸಾಕು ಅನ್ನಿ. ಹಣ್ಣು ತಂದವರಿಗೆ ನೀವೇ ತಿನ್ನಿ ಅನ್ನಿ. ನೀವು ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಆಯಮ್ಮ ಇರುವುದೇ ಹಾಗೆ ಅನ್ನುತ್ತಾರೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆಯಲ್ಲಿ ನಿಮಗೆ ಮೊದಲರ್ಧ ಚೆನ್ನಾಗಿ ಬರುತ್ತದೆ. ಎರಡನೆಯದು ಬಾರದೇ ಇರುವುದು ಈಗ ನಮ್ಮ ಪುಣ್ಯ.

ಇನ್ನೊಂದು ಸಂಗತಿ. ನೀವು ಹೋದ ಮೇಲೆ ಕಾವ್ಯ ನಿಮ್ಮ ಹೆಸರೇ ಎತ್ತುವುದಿಲ್ಲ ಎಂದು ಪ್ರಭುದೇವನ ಹೆಂಡತಿ ನಿಮಗೆ ಹೇಳಿದ್ದಾಳಂತೆ. ಅದು ಸುಳ್ಳು. ಆ ಕಿಡ್ನಿಯನ್ನು ಕಿಬ್ಬೊಟ್ಟೆಯ ಬಲಗಡೆ ಇಟ್ಟಿದ್ದಾರಲ್ಲ, ಕೈಯಿಟ್ಟರೆ ಸಿಗುತ್ತದಂತೆ. ಅವಳು ಅದನ್ನು ಅತ್ತೆ ಅಂತಲೇ ಕರೆಯುತ್ತಾಳೆ. ಫೋನ್ ಮಾಡಿದಾಗಲೆಲ್ಲ ಹೇಗಿದ್ದೀಯ ಅಂದರೆ, ಅತ್ತೆ ಇವತ್ತು ಚೆನ್ನಾಗವ್ರೆ ಅನ್ನುತ್ತಾಳೆ. ಮೊನ್ನೆ ಆಸ್ಪತ್ರೆಯಿಂದ ಬಂದ ದಿನ ಹಾಗನ್ನಲಿಲ್ಲ. ಇಷ್ಟೇ ಅಂದಳು.

"ಅಮ್ಮ, ಅತ್ತೆ ಇಲ್ಲೇ ಇದ್ರೂ ನನ್ನ ಜೊತೆ ಇಲ್ಲ ಕಣಮ್ಮ."

ಈ ಮಾತು ನಿಮಗೆ ತಲುಪಿಸದೆ ಇದ್ದರೆ ನನಗೆ ಊಟ ಸೇರುವುದಿಲ್ಲ. ತಲುಪಿಸಿದ್ದೇನೆ.

ಹೆತ್ತವಳು ನೀನಿರುವಾಗ ನನ್ನನ್ನು ಯಾಕೆ ಕರೆಯುತ್ತೀಯ, ನೀನೇ ಹೋಗಿ ಇರಬಾರದಾ ಎಂದು ನೀವು ಕೇಳುತ್ತೀರಿ. ಚಳಿ ಶುರುವಾಗಿದೆ, ಕೆಮ್ಮಿನ ಪುಡಿಗೆ ಜನ ಬರುತ್ತಾರೆ, ಅಂಗಡಿಯನ್ನು ಇವರೊಬ್ಬರ ಮೇಲೆ ಬಿಡಲಾಗುವುದಿಲ್ಲ. ಇವರಿಗೆ ಮಂಡಿನೋವು ಬೇರೆ. ಕಾವ್ಯಳಿಗೂ ಹೀಗೇ ಹೇಳಿದ್ದೇನೆ. ಅಂಗಡಿ ಹೆಚ್ಚಾಯ್ತಾ ನಿಂಗೆ ಎಂದು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಇರಲಿ, ನನ್ನ ಮೇಲೆ ಮುನಿಸಿಕೊಂಡರೆ ನಷ್ಟವಿಲ್ಲ.

ಭಾನುವಾರ ಬೆಳಗ್ಗೆ ಗುರುಪ್ರಕಾಶ ಕಾರು ತೆಗೆದುಕೊಂಡು ಕುಣಿಗಲ್ಲಿಗೆ ಬರುತ್ತಾನೆ. ಅವನು ಮಾತಾಡುವುದಿಲ್ಲ, ಬಾಗಿಲಲ್ಲಿ ತಲೆ ಬಗ್ಗಿಸಿ ನಿಲ್ಲುತ್ತಾನೆ. ಬೈಯುವುದಿದ್ದರೆ ಅಲ್ಲೇ ಬೈದು ಮುಗಿಸಿ. ಮನೆಯವರೆಗೆ ಬೈಗುಳ ತರಬೇಡಿ, ಕಾವ್ಯ ಕೇಳಿಸಿಕೊಂಡರೆ ನಗುತ್ತಾಳೆ, ನಕ್ಕರೆ ನಿಮ್ಮ ಕೋಪ ಇಳಿದುಹೋಗುತ್ತದೆ. ನಿಮಗೂ ಒಂದೇ ಕಿಡ್ನಿ ಇರುವುದು, ನೀರು ಸರಿಯಾಗಿ ಕುಡಿಯುತ್ತಿದ್ದೀರಾ? ನಿಮ್ಮ ಪರೀಕ್ಷೆಯ ದಿನವೂ ಹತ್ತಿರ ಬಂತು, ಕಾವ್ಯಳ ಜೊತೆಯೇ ಹೋಗಿ ಮಾಡಿಸಿಕೊಳ್ಳಿ.

ನೀವು ಬಂದೇ ಬರುತ್ತೀರಿ ಎಂದು ಅಡಿಗೆಯವಳಿಗೆ ಸೋಮವಾರದಿಂದ ಬೇಡ ಎಂದು ಹೇಳಿಸಿಬಿಟ್ಟಿದ್ದೇನೆ.

ನಿಮ್ಮ ಬೀಗಿತ್ತಿ,
ಉಮಾಮಹೇಶ್ವರಿ

ಮರೆತು ಬರೆದದ್ದಲ್ಲ, ಮೇಲೆ ಬರೆಯಲು ಧೈರ್ಯ ಬರದೆ ಇಲ್ಲಿ ಬರೆಯುತ್ತಿದ್ದೇನೆ: ಅಕ್ಕಾ, ಅಂಗಡಿಯ ಕಾರಣ ಸುಳ್ಳು. ದಸರಾ ಆದ ಮೇಲೆ ನನಗೆ ಹಿಡಿದ ಕೆಮ್ಮು ಬಿಡಲಿಲ್ಲ. ಲೇಹ್ಯ ಕೇಳೋಣ ಎಂದು ಹೋದವಳನ್ನು ಕೋಮಲಾ ಡಾಕ್ಟರು ಕಫದ ಪರೀಕ್ಷೆಗೆ ಕಳಿಸಿದರು. ಕ್ಷಯ ಅಂತ ಬಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಶುರುವಾಗಿದೆ, ಆರು ತಿಂಗಳು ತಪ್ಪದೆ ನುಂಗಿದರೆ ವಾಸಿಯಾಗುತ್ತದೆ, ನಾನು ತಪ್ಪಿಸುವವಳಲ್ಲ. ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಕಿಡ್ನಿ ಡಾಕ್ಟರಿಗೆ ಮೊದಲೇ ತಿಳಿಸಿದೆ, ಕಾವ್ಯಳ ಎದೆಯ ಎಕ್ಸ್‌ರೇ ತೆಗೆಸಿದ್ದಾರೆ, ಏನೂ ಇಲ್ಲ, ಇನ್ನೂ ಕಣ್ಣಿಟ್ಟಿರುತ್ತಾರೆ. ಗುರುಪ್ರಕಾಶನಿಗೆ ಗೊತ್ತು. ಅವಳಿಗೆ ಹೇಳುವುದು ನಿಮಗೆ ಬಿಟ್ಟಿದ್ದು, ಪಕ್ಕದಲ್ಲಿ ಕೂತು ಹೇಳಿ. ಕಾಗದದಿಂದ ರೋಗ ಬರುವುದಿಲ್ಲ, ಕೇಳಿಯೇ ಬರೆದಿದ್ದೇನೆ. ಡಾಕ್ಟರು ಸರಿ ಎನ್ನುವವರೆಗೆ ನಾನು ಮಗಳ ಹತ್ತಿರ ಹೋಗುವ ಹಾಗಿಲ್ಲ. ಆದರೆ ನನ್ನನ್ನು ನಾನು ನಂಬುವುದಿಲ್ಲ. ಯಾವತ್ತಾದರೂ ಮನಸ್ಸು ತಡೆಯದೆ ಬಸ್ಸು ಹತ್ತಿ ಮರಳೂರಿಗೆ ಬಂದರೆ, ಗೇಟಿನಲ್ಲಿ ನಿಂತು ಎಷ್ಟೇ ಅತ್ತರೂ, ನೀವು ಕುರ್ಚಿಯಿಂದ ಏಳಬೇಡಿ. ನನ್ನನ್ನು ಒಳಗೆ ಬಿಡಬೇಡಿ.